ರೇಡಿಯೋನಾ, ಫೋನಾ, ಸಂಗೀತ ಕಛೇರಿನಾ? ಮೈಸೂರು, ಮಂಡ್ಯದಲ್ಲಿ ಹೊಸ ಹಾಡು ಹುಡುಕುವವರಿಗೆ

ನಾನು ದಿನಾ ಹಾಡು ಕೇಳುತ್ತಿದ್ದ ಒಂದು ಆ್ಯಪ್ ಇದ್ದಕ್ಕಿದ್ದಂತೆ ಮುಚ್ಚಿಹೋಯಿತು. ಆರು ವರ್ಷ ಕೂಡಿಟ್ಟ ಪಟ್ಟಿ ಅದರ ಜೊತೆಗೇ ಹೋಯಿತು. ಹಾಡುಗಳೇನೂ ಮಾಯವಾಗಿರಲಿಲ್ಲ, ಬೇರೆ ಕಡೆ ಇದ್ದೇ ಇದ್ದವು. ಆದರೆ ನಾನು ಇಷ್ಟಪಟ್ಟದ್ದು ಯಾವ್ಯಾವುದು ಅನ್ನೋದೇ ನೆನಪಾಗಲಿಲ್ಲ. ಅವತ್ತು ರಾತ್ರಿ ಊಟ ಆದಮೇಲೆ ಒಂದು ಹಾಳೆ ತೆಗೆದುಕೊಂಡು ತೋಚಿದ್ದೆಲ್ಲ ಬರೆಯುತ್ತಾ ಹೋದೆ. 43 ಹಾಡು ಆಯಿತು. ಅದರಲ್ಲಿ ಮುಕ್ಕಾಲು ಪಾಲು ಮೊದಲು ಕೇಳಿದ್ದು ರೇಡಿಯೋದಲ್ಲಿ, ಇಲ್ಲವೇ ಯಾವುದೋ ಪೆಂಡಾಲಿನಲ್ಲಿ, ಇಲ್ಲವೇ ಮಳವಳ್ಳಿ ಕಡೆಯ ನನ್ನ ಸೋದರಮಾವನ ಊರಿನಲ್ಲಿ. ಎಲ್ಲಿ ಕೂತಿದ್ದೆ, ಪಕ್ಕದಲ್ಲಿ ಯಾರಿದ್ದರು, ಅವತ್ತು ಮಳೆ ಬಂದಿತ್ತಾ, ಅದೂ ನೆನಪಿತ್ತು.

ಮೈಸೂರಿಗೆ ಹೊಸದಾಗಿ ಬಂದವರು, ಅದರಲ್ಲೂ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು, ನನ್ನನ್ನು ಕೇಳುತ್ತಿರುತ್ತಾರೆ: ಒಳ್ಳೆ ಸಂಗೀತ ಕೇಳಬೇಕು, ಎಲ್ಲಿಂದ ಶುರು ಮಾಡಲಿ? ಯಾವ ಆ್ಯಪ್ ಒಳ್ಳೇದು? ಯಾವ ಆ್ಯಪ್ ಅನ್ನೋದು ಕೊನೆಗೆ ಕೇಳಬೇಕಾದ ಪ್ರಶ್ನೆ. ಯಾವ ದಾರಿಯಲ್ಲಿ ಎಂಥ ಹಾಡು ಸಿಗುತ್ತದೆ ಅನ್ನೋದನ್ನು ಮೊದಲು ನೋಡೋಣ.

ರೇಡಿಯೋ

ಈ ಊರಿನವರಿಗೆ ರೇಡಿಯೋ ಅಂದರೆ ಮನೆಯ ವಸ್ತು. 1935ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ಅವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಮನೆಯ ಹೆಸರು ವಿಠಲ ವಿಹಾರ. ಆಮೇಲೆ ಇಡೀ ದೇಶದ ಬಾನುಲಿಗೆ ಬಂದ 'ಆಕಾಶವಾಣಿ' ಅನ್ನೋ ಹೆಸರು ಈ ಮೈಸೂರು ಕೇಂದ್ರದ್ದು. ಈಗ ಕೇಂದ್ರ ಯಾದವಗಿರಿಯಲ್ಲಿದೆ. ಎಫ್‌ಎಂನಲ್ಲಿ 100.6ಕ್ಕೆ ತಿರುಗಿಸಿದರೆ ಸಿಗುತ್ತದೆ.

ರೇಡಿಯೋದ ದೊಡ್ಡ ಗುಣ, ನಾವು ಆರಿಸುವ ಹಾಗಿಲ್ಲ. ಬೆಳಗ್ಗೆ ಒಗ್ಗರಣೆ ಹಾಕುತ್ತಾ ಕೇಳುತ್ತಿರುತ್ತೇನೆ, ಒಂದು ವಚನ ಬರುತ್ತದೆ, ಅದರ ಹಿಂದೆಯೇ ನಾನಾಗಿ ಯಾವತ್ತೂ ಹುಡುಕದ ಒಂದು ತತ್ವಪದ. ಎರಡನೆಯ ಗುಣ ಇನ್ನೂ ದೊಡ್ಡದು. ಹಾಡಿನ ಮುಂಚೆಯೋ ಆಮೇಲೋ ಉದ್ಘೋಷಕರು ಹೇಳುತ್ತಾರೆ: ಸಾಹಿತ್ಯ ಇಂಥವರದು, ಸ್ವರ ಸಂಯೋಜನೆ ಇಂಥವರದು, ಹಾಡಿದವರು ಇವರು. ಶಾಸ್ತ್ರೀಯ ಸಂಗೀತವಾದರೆ ರಾಗ, ತಾಳ, ಪಕ್ಕವಾದ್ಯದವರ ಹೆಸರು ಎಲ್ಲ. ಭಾವಗೀತೆ ಇಷ್ಟಪಡುವವರಿಗೆ ಇದು ಬಹಳ ಮುಖ್ಯ. ಒಂದೇ ಕವಿತೆಗೆ ಇಬ್ಬರು ಮೂವರು ರಾಗ ಹಾಕಿರುತ್ತಾರೆ. ನಮ್ಮ ನಾಡಗೀತೆಯನ್ನೇ ನೋಡಿ, ಮೈಸೂರು ಅನಂತಸ್ವಾಮಿ ಅವರ ಧಾಟಿ ಒಂದು, ಸಿ. ಅಶ್ವಥ್ ಅವರದು ಇನ್ನೊಂದು. ಎರಡೂ ವರ್ಷಗಟ್ಟಲೆ ಚಾಲ್ತಿಯಲ್ಲಿದ್ದವು. ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯಲ್ಲಿ ಎರಡೂವರೆ ನಿಮಿಷಕ್ಕೆ ಹಾಡಬೇಕು ಅಂತ ಆದೇಶ ಮಾಡಿತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಅದೇ ಮಾತು, ಬೇರೆಯೇ ಹಾಡು. ರಾಗ ಸಂಯೋಜಕ ಅಂದರೆ ಯಾರು ಅಂತ ನನಗೆ ಅರ್ಥವಾದದ್ದು ಹಾಗೆ ಕೇಳಿದಾಗಲೇ.

ತೊಂದರೆಯೂ ಇದೆ. ಹೆಸರು ಹೇಳುವಾಗ ಕುಕ್ಕರ್ ಕೂಗಿದರೆ ಮುಗಿಯಿತು, ಹಿಂದಕ್ಕೆ ಹೋಗೋಕಾಗಲ್ಲ. ಅದಕ್ಕೇ ರೇಡಿಯೋ ಪಕ್ಕದಲ್ಲಿ ಒಂದು ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು ಇಟ್ಟಿದ್ದೇನೆ. ರೇಡಿಯೋ ಪೆಟ್ಟಿಗೆ ಇಲ್ಲದವರು ಫೋನಿನಲ್ಲಿ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್ ಹಾಕಿಕೊಳ್ಳಬಹುದು. ಅದರಲ್ಲಿ 'ರಾಗಂ' ಅಂತ ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ ವಾಹಿನಿ ಇದೆ, 2016ರಿಂದ ಬರುತ್ತಿದೆ. ಖಾಸಗಿ ಎಫ್‌ಎಂಗಳು ಹೊಸ ಸಿನಿಮಾ ಹಾಡಿಗೆ ಸರಿ. ಆದರೆ ಒಂದು ವಾರ ಕೇಳಿದರೆ ಸುತ್ತಿ ಸುತ್ತಿ ಅವೇ ಹಾಡು ಬರುತ್ತವೆ.

ಹಾಡಿನ ಆ್ಯಪ್

ಸ್ಪಾಟಿಫೈ, ಜಿಯೋ ಸಾವನ್, ಯೂಟ್ಯೂಬ್ ಮ್ಯೂಸಿಕ್, ಯಾವುದಾದರೂ ತಗೊಳ್ಳಿ, ಕನ್ನಡ ಸಿನಿಮಾ ಹಾಡಿನ ಮಟ್ಟಿಗೆ ದೊಡ್ಡ ವ್ಯತ್ಯಾಸ ಇಲ್ಲ. ಇವುಗಳ ಕೆಲಸ ಒಂದೇ: ನೀವು ಕೇಳಿದ್ದನ್ನು ನೋಡಿ, ನಿಮ್ಮ ಹಾಗೇ ಕೇಳುವವರು ಇನ್ನೇನು ಕೇಳಿದರು ಅಂತ ನೋಡಿ, ಅದರ ಹತ್ತಿರದ್ದನ್ನೇ ಮುಂದಿಡುವುದು. ಒಬ್ಬ ಗಾಯಕಿ ಇಷ್ಟವಾದರೆ ಅವರ ಇನ್ನೂರು ಹಾಡು ಒಂದೇ ಸಂಜೆಯಲ್ಲಿ ಸಿಗುತ್ತದೆ. ರೇಡಿಯೋ ಕೇಳುತ್ತಾ ಕೂತರೆ ಅದಕ್ಕೆ ಹತ್ತು ವರ್ಷ ಬೇಕು. ಆದರೆ ನೀವು ಯಾವತ್ತೂ ಕಂಸಾಳೆ ಪದ, ಅಂದರೆ ಮಾದಪ್ಪನ ಭಕ್ತರು ಕಂಚಿನ ತಾಳ ಬಡಿಯುತ್ತಾ ಹಾಡುವ ಹಾಡು, ಕೇಳಿಲ್ಲ ಅಂದರೆ ಆ್ಯಪ್ ತಾನಾಗಿ ಅದನ್ನು ತಂದುಕೊಡುವುದು ಅಪರೂಪ.

ಎರಡು ಮಾತು ನೆನಪಿಡಿ. ಹುಡುಕುವಾಗ ಗಾಯಕರ ಹೆಸರಿನ ಬದಲು ಕವಿಯ ಹೆಸರು, ಸಂಗೀತ ನಿರ್ದೇಶಕರ ಹೆಸರು, ವಾದ್ಯದ ಹೆಸರು ಹಾಕಿ ನೋಡಿ. ಬೇರೆಯೇ ಪಟ್ಟಿ ತೆರೆಯುತ್ತದೆ. ಎರಡನೆಯದು ಡೇಟಾ ಲೆಕ್ಕ. 160 ಕೆಬಿಪಿಎಸ್ ಗುಣಮಟ್ಟದಲ್ಲಿ ಒಂದು ಗಂಟೆ ಹಾಡಿಗೆ ಸುಮಾರು 72 ಎಂಬಿ ಆಗುತ್ತದೆ. ವಿಡಿಯೋಗೆ ಇದರ ಎಷ್ಟೋ ಪಟ್ಟು. ದಿನಾ ಮಂಡ್ಯಕ್ಕೆ ಓಡಾಡುವವರು ಮನೆಯ ವೈಫೈನಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡುವುದು ಒಳ್ಳೆಯದು.

ಹಾಡು ಯಾವುದು ಅಂತ ಗುರುತು ಹಿಡಿಯುವ ಶಜಾಮ್‌ನಂಥ ಆ್ಯಪ್ ಬಗ್ಗೆಯೂ ಕೇಳುತ್ತಾರೆ. ಅದು ರೆಕಾರ್ಡ್ ಆದ ಹಾಡಿನ ಬೆರಳಚ್ಚಿನಂಥದ್ದನ್ನು ಹೋಲಿಸಿ ನೋಡುತ್ತದೆ. ಅಂಗಡಿಯಲ್ಲಿ ಹಾಕಿದ ಸಿನಿಮಾ ಹಾಡಾದರೆ ತಕ್ಷಣ ಹೇಳುತ್ತದೆ. ಕಛೇರಿಯಲ್ಲಿ ಆ ಕ್ಷಣಕ್ಕೆ ಹುಟ್ಟುವ ಆಲಾಪನೆಗೆ ಬೆರಳಚ್ಚು ಎಲ್ಲಿಂದ ಬರಬೇಕು? ಅಲ್ಲಿ ಪಕ್ಕದಲ್ಲಿ ಕೂತ ಹಿರಿಯರನ್ನು ಕೇಳುವುದೇ ಸರಿ. ನಾನು ಕೇಳಿದಾಗ ಬೇಜಾರು ಮಾಡಿಕೊಂಡವರು ಒಬ್ಬರೂ ಇಲ್ಲ. ರಾಗದ ಹೆಸರಿನ ಜೊತೆಗೆ ಅದೇ ರಾಗದ ಇನ್ನೂ ನಾಲ್ಕು ಹಾಡು ಹೇಳಿ ಕಳಿಸುತ್ತಾರೆ.

ವಿಡಿಯೋ

ವಿಡಿಯೋ ನೋಡಬೇಕಾದದ್ದು ಕಣ್ಣಿಗೆ ಕೆಲಸ ಇದ್ದಾಗ. ವೀಣೆ ನುಡಿಸುವಾಗ ಎಡಗೈ ಬೆರಳು ದಂಡಿಯ ಮೇಲಿನ ಮೆಟ್ಟಿಲುಗಳಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆಯುವುದನ್ನು ನೋಡಿದ ಮೇಲೆ ಸ್ವರವನ್ನು ಅಲುಗಿಸುವ ಗಮಕ ಅಂದರೆ ಏನು ಅಂತ ಬೇರೆ ವಿವರಣೆ ಬೇಕಾಗಲ್ಲ. 24 ಮೆಟ್ಟಿಲು, ಆದರೆ ಅವುಗಳ ಮಧ್ಯೆ ಎಷ್ಟು ಸ್ವರದ ನೆರಳು! ಹೆಸರಾಂತ ವೈಣಿಕ ವೀಣೆ ಶೇಷಣ್ಣನವರ ಊರಿನಲ್ಲಿದ್ದುಕೊಂಡು ಇದನ್ನು ಒಮ್ಮೆ ಕ್ಯಾಮೆರಾ ಹತ್ತಿರದಿಂದ ತೋರಿಸಿದ ವಿಡಿಯೋದಲ್ಲಾದರೂ ನೋಡಬೇಕು. ಸಭಾಂಗಣದ ಹಿಂದಿನ ಸಾಲಿನಿಂದ ಅಷ್ಟು ಕಾಣಿಸಲ್ಲ.

ಹಳೆಯ ಧ್ವನಿಮುದ್ರಣ ಹುಡುಕುವವರಿಗೂ ಯೂಟ್ಯೂಬೇ ಗತಿ. ಪ್ರಸಾರ ಭಾರತಿಯ ಆರ್ಕೈವ್ಸ್ ಚಾನೆಲ್‌ನಲ್ಲಿ ಆಕಾಶವಾಣಿ, ದೂರದರ್ಶನದ ಹಳೆಯ ಕಛೇರಿಗಳಿವೆ. ಇನ್ನೂ ಹಿಂದಕ್ಕೆ ಹೋದರೆ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯಿಂದ ಇಳಿಸಿದವು ಸಿಗುತ್ತವೆ. ಅವನ್ನು ಕೇಳುವಾಗ ಒಂದು ವಿಷಯ ಮನಸ್ಸಿನಲ್ಲಿರಲಿ. ಆ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ಮೂರೂವರೆ ನಿಮಿಷ ಅಷ್ಟೇ. ಕಛೇರಿಯಲ್ಲಿ ಮುಕ್ಕಾಲು ಗಂಟೆ ಹಾಡುತ್ತಿದ್ದವರು ಅದನ್ನು ಮೂರು ನಿಮಿಷಕ್ಕೆ ಮಡಚಿ ಇಟ್ಟಿದ್ದಾರೆ. ಹಾಗಾಗಿ "ಹಳಬರು ಇಷ್ಟೇ ಹಾಡುತ್ತಿದ್ದರಾ" ಅಂತ ಯಾವತ್ತೂ ಅಂದುಕೊಳ್ಳಬೇಡಿ.

ರೀಲ್ಸ್ ಬಗ್ಗೆ ಒಂದೇ ಮಾತು. ಮೂವತ್ತು ಸೆಕೆಂಡಿನ ತುಣುಕು ಇಷ್ಟವಾದರೆ ಅಲ್ಲೇ ನಿಲ್ಲಿಸಿ, ಪೂರ್ತಿ ಹಾಡು ಹುಡುಕಿ ಕೇಳಿ. ಪಲ್ಲವಿ ಮಾತ್ರ ಬಾಯಿಗೆ ಬಂದು ಚರಣವೇ ಗೊತ್ತಿಲ್ಲದ ಹಾಡು ನನ್ನ ತಲೆಯಲ್ಲೂ ಹತ್ತಿಪ್ಪತ್ತು ಇದ್ದವು. ಒಂದೊಂದಾಗಿ ಪೂರ್ತಿ ಮಾಡಿಕೊಂಡೆ.

ಎದುರಿಗೆ ಕೂತು ಕೇಳುವುದು

ಇಲ್ಲಿಗೆ ಬಂದಾಗ ನಾನು ಸಮತೂಕದಲ್ಲಿ ಮಾತಾಡೋಕೆ ಆಗಲ್ಲ. ಮೈಸೂರಿನಲ್ಲಿದ್ದು ಕಛೇರಿಗೆ ಹೋಗದೆ ಇರುವುದು ಅಂದರೆ ಮನೆ ಮುಂದೆ ಕಾವೇರಿ ಹರಿಯುತ್ತಿರುವಾಗ ಬಾಟಲಿ ನೀರು ಕೊಂಡ ಹಾಗೆ. ಅದೂ ಹೆಚ್ಚಿನವು ಉಚಿತ.

ಮೊದಲನೆಯ ಸಲ ಹೋಗುವವರಿಗೆ ನಾನು ಹೇಳುವುದು ವಿ.ವಿ. ಮೊಹಲ್ಲಾದ 8ನೇ ಕ್ರಾಸ್ ಗಣೇಶೋತ್ಸವ. 1962ರಿಂದ ನಡೆದು ಬಂದಿದೆ. ರಸ್ತೆಗೇ ಪೆಂಡಾಲ್ ಹಾಕುತ್ತಾರೆ, ದೇಶದ ದೊಡ್ಡ ದೊಡ್ಡ ವಿದ್ವಾಂಸರು ಬಂದು ಹಾಡುತ್ತಾರೆ, ಯಾರು ಬೇಕಾದರೂ ಹೋಗಿ ಕೂರಬಹುದು. ಟಿಕೆಟ್ ಇಲ್ಲ, ಪಾಸ್ ಇಲ್ಲ. ಅರ್ಧಕ್ಕೆ ಬಂದರೂ ಯಾರೂ ತಿರುಗಿ ನೋಡಲ್ಲ. ಸಭಾಂಗಣ ಅಂದರೆ ಮುಜುಗರ ಪಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಒಂದು ಕೆಲಸ ಮಾಡಿ. ಅರ್ಧ ಗಂಟೆ ಮುಂಚೆ ಹೋಗಿ, ಮೃದಂಗದವರ ಎದುರು ಕೂತುಕೊಳ್ಳಿ. ಅವರು ಒಂದು ಚಿಕ್ಕ ಬಟ್ಟಲಿನಲ್ಲಿ ರವೆಗೆ ನೀರು ಹಾಕಿ ಕಲಸುತ್ತಾರೆ, ಚಪಾತಿ ಹಿಟ್ಟಿನ ಹಾಗೆ. ಅದನ್ನು ಎಡಗಡೆಯ ಮುಖಕ್ಕೆ ಮೆತ್ತಿ, ಹೆಬ್ಬೆರಳಿನಿಂದ ದುಂಡಗೆ ಒತ್ತುತ್ತಾರೆ. ತಟ್ಟಿ ನೋಡುತ್ತಾರೆ. ಸ್ವಲ್ಪ ಕಿತ್ತು ತೆಗೆಯುತ್ತಾರೆ, ಮತ್ತೆ ತಟ್ಟುತ್ತಾರೆ. ಆ ಗುಂ ಅನ್ನುವ ನಾದ ಬರುವುದು ಆ ರವೆಯ ಭಾರದಿಂದ. ಆಮೇಲೆ ಬಲಗಡೆಗೆ ತಿರುಗಿಸಿಕೊಂಡು, ಸಣ್ಣ ಕಲ್ಲಿನಿಂದ ಅಂಚನ್ನು ಮೇಲಿನಿಂದ, ಕೆಳಗಿನಿಂದ ಕುಟ್ಟುತ್ತಾ ತಂಬೂರಿಯ ಶ್ರುತಿಗೆ ತರುತ್ತಾರೆ. ಇಷ್ಟೂ ಹೊತ್ತು ಕಣ್ಣು ಮುಚ್ಚಿರುತ್ತದೆ. ಇದು ಯಾವ ಆ್ಯಪ್‌ನಲ್ಲೂ ಇಲ್ಲ. ವಿಡಿಯೋದಲ್ಲಿ ಇದ್ದರೂ ಕತ್ತರಿಸಿಬಿಟ್ಟಿರುತ್ತಾರೆ. ಇದನ್ನು ನೋಡಿದ ಮೇಲೆ, ಹಾಡು ನಿಂತು ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಶುರುವಾದಾಗ ಕಾಫಿಗೆ ಎದ್ದು ಹೋಗುವ ಮನಸ್ಸೇ ಬರಲ್ಲ.

ವರ್ಷ ಪೂರ್ತಿ ಕೇಳಬೇಕು ಅನ್ನುವವರು ಸಂಗೀತ ಸಭೆಗಳ ಕಡೆ ನೋಡಬೇಕು. ಕುವೆಂಪುನಗರದಲ್ಲಿ ಗಾನಭಾರತಿಯ ವೀಣೆ ಶೇಷಣ್ಣ ಭವನ, ಜೆ.ಎಲ್.ಬಿ. ರಸ್ತೆಯಲ್ಲಿ ನಾದಬ್ರಹ್ಮ ಸಂಗೀತ ಸಭಾ. ರಾಮನವಮಿ ಹೊತ್ತಿಗೆ ಊರಿನ ರಾಮಮಂದಿರಗಳಲ್ಲಿ ಕಛೇರಿ, ಪಾನಕ, ಕೋಸಂಬರಿ. ಗಾಯಕ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರಕ್ಕೆ ಒಂದು ಸಲ ಹೋಗಿ ಬನ್ನಿ. ಅವರ ಶಿಷ್ಯ, ತಿರುಮಕೂಡಲಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಕೊಂಡದ್ದು ಯಾಕೆ ಗೊತ್ತಾ? ಮೈಕ್ ಇಲ್ಲದ ಕಾಲ. ಹಿಂದೆ ಕೂತವರಿಗೂ ನಾದ ಮುಟ್ಟಬೇಕಿತ್ತು. ಹಳೆಯ ಮಂದಿರದ ಒಳಗೆ ಕೂತು ಕೇಳಿದಾಗ ಆ ಏಳು ತಂತಿಯ ಅವಶ್ಯಕತೆ ಕಿವಿಗೇ ಗೊತ್ತಾಗುತ್ತದೆ.

ಹಾಡಿನ ಜೊತೆ ನಾಟಕವೂ ಇಷ್ಟ ಅನ್ನುವವರಿಗೆ ರಂಗಾಯಣ ಇದೆ. ಬಿ.ವಿ. ಕಾರಂತರು ಕಟ್ಟಿದ್ದು, 1989ರಲ್ಲಿ. ರಂಗಗೀತೆ ಅನ್ನೋದು ಬೇರೆಯೇ ಲೋಕ. ಬಹುರೂಪಿ ನಾಟಕೋತ್ಸವದ ಸಂಜೆ ಕಿಂದರಿಜೋಗಿ ವೇದಿಕೆ ಮುಂದೆ ನಿಂತರೆ, ಡೊಳ್ಳು, ಪೂಜಾ ಕುಣಿತ, ಕಂಸಾಳೆ ಒಂದಾದ ಮೇಲೊಂದು ಬರುತ್ತವೆ.

ದಸರಾ ಬಂದಾಗ ಎಲ್ಲರಿಗೂ ಅದೇ ಗೊಂದಲ: ಅರಮನೆ ಮುಂದಿನ ಕಾರ್ಯಕ್ರಮಕ್ಕೆ ಹೋಗೋದಾ, ಯುವ ದಸರಾಕ್ಕಾ? ಯುವ ದಸರಾ 2024ರಲ್ಲಿ ಮಹಾರಾಜ ಕಾಲೇಜು ಮೈದಾನದಿಂದ ಊರಾಚೆ ಉತ್ತನಹಳ್ಳಿ ಹತ್ತಿರಕ್ಕೆ ಹೋಯಿತು. ಆ ವರ್ಷ ಎ.ಆರ್. ರೆಹಮಾನ್, ಇಳಯರಾಜ ಇಬ್ಬರೂ ಬಂದಿದ್ದರು. ಸಾವಿರಾರು ಜನ ಒಟ್ಟಿಗೆ ಹಾಡುವುದು ಒಂದು ಅನುಭವ, ಒಮ್ಮೆ ಹೋಗಲೇಬೇಕು. ಆದರೆ ಅಲ್ಲಿ ಹಾಡುವುದು ನಮಗೆ ಗೊತ್ತಿರುವ ಹಾಡನ್ನೇ. ಹೊಸದು ಬೇಕು ಅಂದರೆ ಅರಮನೆ ಮುಂದೆ ಕೂರಿ, ಇಲ್ಲವೇ ಜಗನ್ಮೋಹನ ಅರಮನೆ, ಚಿಕ್ಕ ಗಡಿಯಾರದ ವೇದಿಕೆಗಳಿಗೆ ಹೋಗಿ. ಅಲ್ಲಿ ಹೆಸರು ಕೇಳಿರದ ಕಲಾವಿದರು ಹಾಡುತ್ತಾರೆ. ನನ್ನ 43ರಲ್ಲಿ ಐದು ಚಿಕ್ಕ ಗಡಿಯಾರದ ಹತ್ತಿರ ನಿಂತೇ ಕೇಳಿದವು.

ಅರಮನೆ ಮುಂದೆ ಕೂತಾಗಲೆಲ್ಲ ನನಗೆ ಜಯಚಾಮರಾಜ ಒಡೆಯರ್ ನೆನಪಾಗುತ್ತಾರೆ. ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರು. ಅವರಿಗೇ ರಷ್ಯಾದ ನಿಕೊಲಾಯ್ ಮೆಟ್ನರ್ ಅನ್ನುವ ಸಂಗೀತಗಾರರ ಮೇಲೆ ಅಪಾರ ಪ್ರೀತಿ. ವಯಸ್ಸಾಗಿ ಲಂಡನ್ನಿನಲ್ಲಿದ್ದ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ರೆಕಾರ್ಡ್ ಮಾಡಲಿ ಅಂತ ಮೈಸೂರಿನಿಂದ ಹಣ ಕೊಟ್ಟರು. ಆ ರೆಕಾರ್ಡುಗಳನ್ನು ಇವತ್ತಿಗೂ ಕೇಳಬಹುದು. ರೆಕಾರ್ಡ್‌ನ ನಿಜವಾದ ಉಪಯೋಗ ಇದು ಅಂತ ನನಗನ್ನಿಸುತ್ತದೆ. ನಮ್ಮೂರಿಗೆ ಬರಲಾಗದ ಸಂಗೀತ ರೆಕಾರ್ಡಿನಲ್ಲಿ ಬರಲಿ. ನಮ್ಮೂರಿನಲ್ಲೇ ಇರುವುದನ್ನು ಎದುರಿಗೇ ಕೂತು ಕೇಳೋಣ.

ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಒಂದಿದೆ, ವಾಪಸ್ ಬರುವುದು ಹೇಗೆ? ಕಛೇರಿ ಮುಗಿಯುವಾಗ ಒಂಬತ್ತು, ಒಂಬತ್ತೂವರೆ ಆಗುತ್ತದೆ. ಆಗ ಸಿಟಿ ಬಸ್ ಕಡಿಮೆ. ನಾನು ಮೊದಮೊದಲು ಮುಖ್ಯ ಕೃತಿ ಮುಗಿದ ತಕ್ಷಣ ಎದ್ದು ಬರುತ್ತಿದ್ದೆ. ಆಮೇಲೆ ನಮ್ಮ ಬೀದಿಯ ಇಬ್ಬರು ಆಂಟಿಯರು ಅಲ್ಲೇ ಪರಿಚಯ ಆದರು, ಈಗ ಮೂವರೂ ಒಂದೇ ಆಟೋದಲ್ಲಿ ಬರುತ್ತೇವೆ. ಹೋದರೆ ಜೊತೆ ಸಿಗುತ್ತದೆ, ಖಂಡಿತ.

ಮಂಡ್ಯದ ಕಡೆ

ಮಂಡ್ಯದವರು "ನಮ್ಮಲ್ಲಿ ಅಂಥ ಸಭೆ ಎಲ್ಲಿದೆ" ಅನ್ನುತ್ತಾರೆ. ಸಭೆ ಕಡಿಮೆ ಇರಬಹುದು. ಆದರೆ ಮೈಸೂರಿನ ಬಡಾವಣೆಗಳಲ್ಲಿ ಸಿಗದ ಒಂದು ಸಂಗೀತ ಅಲ್ಲಿದೆ. ಈ ಸೀಮೆಯ ಜನ ದೇವರೆಂದು ನಡೆದುಕೊಳ್ಳುವ ಸಂತ ಮಂಟೇಸ್ವಾಮಿಯ ಕಥೆ ಹಾಡುವ ಭಕ್ತರು, ನೀಲಗಾರರು.

ನಾನು ಅದನ್ನು ಮೊದಲು ಕೇಳಿದ್ದು ಮೆಮೊರಿ ಕಾರ್ಡಿನಲ್ಲಿ. ಮೊಬೈಲ್ ಅಂಗಡಿಯಲ್ಲಿ ತುಂಬಿಸಿಕೊಂಡು ಬಂದದ್ದು. ಮಳವಳ್ಳಿ ಮಹದೇವಸ್ವಾಮಿ ಅವರ ಕ್ಯಾಸೆಟ್ಟುಗಳಿಂದ ಈ ಕಥೆಗಳು ಎಷ್ಟೋ ಮನೆ ತಲುಪಿವೆ, ಅದು ಸಣ್ಣ ಉಪಕಾರವಲ್ಲ. ನಾನು ಮಾವನಿಗೆ ಹೆಮ್ಮೆಯಿಂದ ಹೇಳಿದೆ, ಕಥೆ ಪೂರ್ತಿ ಕೇಳಿಬಿಟ್ಟೆ ಅಂತ. ಮಾವ ಅಂದರು: "ಅದು ಕುಯ್ದು ಇಟ್ಟಿರೋದು ಕಣವ್ವ. ಒಂದು ರಾತ್ರಿ ಕೂತ್ಕಂಡು ಕೇಳು, ಆಮ್ಯಾಕೆ ಹೇಳೀವಂತೆ."

ಮುಂದಿನ ವರ್ಷ ಅವರ ಮನೆಯಲ್ಲೇ ಕಥೆ ಮಾಡಿಸಿದರು. ಜಗಲಿ ಮೇಲೆ ನೀಲಗಾರರು ಕೂತರು. ಮುಖ್ಯ ಹಾಡುಗಾರರು ತಂಬೂರಿಯನ್ನು ಭುಜಕ್ಕೆ ಒರಗಿಸಿಕೊಂಡು ಒಂದು ಕೈಯಲ್ಲಿ ಮೀಟುತ್ತಾ, ಇನ್ನೊಂದು ಕೈಯಲ್ಲಿ ಗಗ್ಗರ ಅಲುಗಿಸುತ್ತಾ ಹಾಡುತ್ತಾರೆ. ಹಿಮ್ಮೇಳದವರು ಸಾಲಿನ ಕೊನೆಯನ್ನು ಹಿಡಿದು ಎತ್ತುತ್ತಾರೆ. ಹಾಡು ನಡುವೆ ಮಾತಾಗುತ್ತದೆ, ಮಾತು ಮತ್ತೆ ಹಾಡಾಗುತ್ತದೆ. ಒಂದೊಂದು ಭಾಗಕ್ಕೆ 'ಸಾಲು' ಅನ್ನುತ್ತಾರೆ. ಕಾರ್ಡಿನಲ್ಲಿ ಹತ್ತು ನಿಮಿಷ ಇದ್ದ ಕಡೆ ಇಲ್ಲಿ ಒಂದೂವರೆ ಗಂಟೆ ಹಿಡಿಯಿತು. ಯಾಕೆಂದರೆ ಎದುರಿಗೆ ಕೂತ ಅಜ್ಜಿಯೊಬ್ಬರು ಅತ್ತರು, ಹಾಡುಗಾರರು ಅದನ್ನು ನೋಡಿ ಅಲ್ಲೇ ನಿಂತರು, ಅದೇ ಸಾಲನ್ನು ಮತ್ತೆ ಬೇರೆ ಥರ ಹಾಡಿದರು. ನಸುಕಿನ ಮೂರು ಗಂಟೆಗೆ ಚಹಾ ಬಂತು. ನಾನು ನಿದ್ದೆ ಮಾಡಲಿಲ್ಲ.

ಈ ಸಂಗೀತ ಬೇಕು ಅಂದರೆ ಕ್ಯಾಲೆಂಡರ್ ನೋಡಿಕೊಳ್ಳಬೇಕು. ಮಂಟೇಸ್ವಾಮಿ ಗದ್ದುಗೆ ಇರುವುದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಇದೇ ಪರಂಪರೆಯ, ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿ ಜಾತ್ರೆ ಶಿವರಾತ್ರಿಗೆ ಶುರುವಾಗುತ್ತದೆ, ಕಾವೇರಿ ದಡದಲ್ಲಿ. ಅಲ್ಲಿ ಹಾಡುವವರು ಬೇರೆ ಬೇರೆ ಊರಿನಿಂದ ಬಂದಿರುತ್ತಾರೆ, ಒಂದೇ ಕಥೆಯ ಎರಡು ಮೂರು ಧಾಟಿ ಕೇಳಬಹುದು. ಫೋನಿನಲ್ಲಿ ರೆಕಾರ್ಡ್ ಮಾಡುವ ಮುಂಚೆ ಅವರನ್ನು ಕೇಳಿ. ಕೈಲಾದ ಕಾಣಿಕೆ ಕೊಡಿ.

ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಊರೂರಲ್ಲಿ ನಡೆಯುವ ರಸಮಂಜರಿಯನ್ನೂ ಬಿಡಬೇಡಿ. ಹೊಸ ಹಾಡು ಅಲ್ಲಿ ಸಿಗುವುದು ಕಡಿಮೆ, ಆದರೆ ಮರೆತ ಹಾಡು ಸಿಗುತ್ತದೆ. ಯಾರೋ ಚೀಟಿ ಕಳಿಸುತ್ತಾರೆ, ನಲವತ್ತು ವರ್ಷದ ಹಿಂದಿನ ಅಣ್ಣಾವ್ರ ಹಾಡು ಬರುತ್ತದೆ, ಇಡೀ ಊರು ದನಿಗೂಡಿಸುತ್ತದೆ.

ಹಾಗಾದರೆ ನೀವು ಯಾವುದನ್ನು ಆರಿಸಿಕೊಳ್ಳಬೇಕು?

ವಾರಕ್ಕೆ ಒಂದೇ ಸಂಜೆ ಬಿಡುವು ಇದ್ದರೆ ಅದನ್ನು ಕಛೇರಿಗೆ ಕೊಡಿ. ಎರಡನೆಯ ಯೋಚನೆ ಬೇಡ. ಚಿಕ್ಕ ಮಕ್ಕಳಿರುವವರಿಗೆ, ಮಂಡಿ ನೋವಿರುವ ಹಿರಿಯರಿಗೆ ಹೊರಗೆ ಹೋಗುವುದು ಕಷ್ಟ. ಅವರಿಗೆ ರೇಡಿಯೋ ಎಲ್ಲಕ್ಕಿಂತ ಒಳ್ಳೇದು, ಕೈ ಖಾಲಿ ಬೇಕಿಲ್ಲ, ಕಣ್ಣಿಗೆ ಆಯಾಸ ಇಲ್ಲ. ಸಂಗೀತ ಕಲಿಯುತ್ತಿರುವವರು ವಿಡಿಯೋ ನೋಡಲೇಬೇಕು. ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿಗಳು ಆ್ಯಪ್‌ಗೆ ದುಡ್ಡು ಕಟ್ಟುವ ಅವಸರ ಮಾಡಬೇಡಿ. ಉಚಿತದ್ದರಲ್ಲೇ ಆರು ತಿಂಗಳು ಕೇಳಿ. ಆ ದುಡ್ಡಲ್ಲಿ ಆಟೋ ಮಾಡಿಕೊಂಡು ನಾಲ್ಕು ಕಾರ್ಯಕ್ರಮಕ್ಕೆ ಹೋಗಿಬನ್ನಿ.

ನಾನು ಮಾಡುವುದು ಹೀಗೆ. ರೇಡಿಯೋದಲ್ಲಿ ಒಂದು ಹಾಡು ಹಿಡಿಸಿತು ಅಂದರೆ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ರಾತ್ರಿ ಆ್ಯಪ್‌ನಲ್ಲೋ ಯೂಟ್ಯೂಬ್‌ನಲ್ಲೋ ಅದನ್ನೇ ಮೂರು ಜನ ಹಾಡಿದ್ದು ಹುಡುಕಿ ಕೇಳುತ್ತೇನೆ. ಆಮೇಲೆ ಅವರಲ್ಲಿ ಯಾರಾದರೂ ನಮ್ಮೂರಿಗೆ ಬರುತ್ತಾರಾ ಅಂತ ಪತ್ರಿಕೆಯ 'ನಗರದಲ್ಲಿ ಇಂದು' ನೋಡುತ್ತೇನೆ. ಹೀಗೆ ಎದುರಿಗೆ ಕೂತು ಕೇಳಿದಾಗ ಆ ಹಾಡಿನ ಮುಂದೆ ತಾರೀಖು, ಜಾಗ, ಹಾಡಿದವರ ಹೆಸರು ಬರೆದು ಒಂದು ಗೆರೆ ಎಳೆಯುತ್ತೇನೆ. ಪಟ್ಟಿ ಈಗ 118ಕ್ಕೆ ಬಂದಿದೆ. ಗೆರೆ ಬಿದ್ದಿರುವುದು 61ಕ್ಕೆ.

ಬರುವ ಶಿವರಾತ್ರಿಗೆ ಕಪ್ಪಡಿಗೆ ಹೋಗಬೇಕು ಅಂತ ಮಾವ ಈಗಲೇ ಫೋನ್ ಮಾಡಿ ಹೇಳಿದ್ದಾರೆ. ಹೊಳೆ ದಡದಲ್ಲಿ ರಾತ್ರಿ ಚಳಿ ಇರುತ್ತದಂತೆ. "ಕಂಬ್ಳಿ ಎರಡು ತಕ್ಕ ಬಾರವ್ವ, ನಿಮ್ಮ ಬೀದಿ ಆಂಟಿಯರ್ನೂ ಕರ್ಕೊಂಡ್ ಬಾ" ಅಂದರು.